ಹಳದಿ ಕಾಗದದ ಬಿರಡೆ

ರೋಣದ ಕಚೇರಿಯಲ್ಲಿ ಕಾರಕೂನ ಪ್ರಭುಲಿಂಗಪ್ಪನ ದಫ್ತರಕ್ಕೆ ಮಾತ್ರ ಹುಳ ಬೀಳುತ್ತಿರಲಿಲ್ಲ. ಬೇರೆಯವರ ಗಂಟು ಬಿಚ್ಚಿದರೆ ಕಾಗದ ಜರಡಿಯಂತೆ ತೂತು ಬಿದ್ದಿರುತ್ತಿತ್ತು. ಇವನ ಗಂಟಿನಲ್ಲಿ ಹದಿನೆಂಟು ವರುಷದ ಹಿಂದಿನ ಹಾಳೆಯೂ ನಿನ್ನೆ ಬರೆದಂತೆ ಇರುತ್ತಿತ್ತು. ಅದಕ್ಕೆ ಕಾರಣ ಹರಿತಾಳ. ಗಜೇಂದ್ರಗಡದ ಪೇಟೆಯಿಂದ ಆ ಹಳದಿ ಹೆಂಟೆಗಳನ್ನು ತರಿಸಿ, ಮನೆಯಲ್ಲಿ ಕಲ್ಲಿನ ಮೇಲೆ ನುಣ್ಣಗೆ ಅರೆದು, ಜಾಲಿಯ ಅಂಟಿನಲ್ಲಿ ಕಲಸಿ, ಪ್ರತಿ ಹಾಳೆಗೂ ತೆಳ್ಳಗೆ ಬಳಿದು ಒಣಗಿಸುತ್ತಿದ್ದ. ಬರೆಯುವಾಗ ಏನಾದರೂ ತಪ್ಪಿದರೂ ಅದೇ ಲೇಪ. ತಪ್ಪಿನ ಮೇಲೆ ಒಂದು ಸಲ ಕುಂಚ ಆಡಿಸಿದರೆ ಅದು ಮುಚ್ಚಿಹೋಗಿ, ಹಾಳೆ ಮತ್ತೆ ಹಳದಿಯಾಗಿ ನಗುತ್ತಿತ್ತು.

ಉಳಿದ ಕಾರಕೂನರು ಚೇಷ್ಟೆ ಮಾಡುತ್ತಿದ್ದರು. "ಪ್ರಭುಲಿಂಗಪ್ಪ ತಪ್ಪs ಮಾಡಂಗಿಲ್ಲ ನೋಡ್ರೆಪಾ. ಮಾಡಿದ್ರೂ ಅರಿಷಿಣಾ ಹಚ್ಚಿ ಮದುವಿ ಮಾಡಿ ಕಳಸ್ತಾನ!"

ಅವನು ನಕ್ಕು ಸುಮ್ಮನಾಗುತ್ತಿದ್ದ. ಒಳಗೆ ಮಾತ್ರ ಒಂದು ಅಂಜಿಕೆ ಇದ್ದೇ ಇತ್ತು. ಅವನ ಅಪ್ಪ ಗಾಣ ಹೊಡೆದವನು. ಆ ಮನೆಯಿಂದ ಕಚೇರಿಯ ಜಮಖಾನೆಯ ಮೇಲೆ ಕೂತು ಬರೆದವನು ಇವನೇ ಮೊದಲು. ಒಂದು ತಪ್ಪು ಹೊರಗೆ ಕಂಡರೆ ಸಾಕು, 'ಗಾಣದವನ ಮಗ' ಎಂದು ಅನ್ನಲು ಕಾದು ಕೂತವರು ಬೇಕಾದಷ್ಟು ಜನ ಇದ್ದರು.

ಇದು ಕಂಪನಿ ಸರಕಾರದ ಕಾಲದ ಮಾತು. ನರಗುಂದದಲ್ಲಿ ಗದ್ದಲ ಏಳಲು ಇನ್ನೂ ಎರಡು ವರುಷ ಇತ್ತು. ಆ ವರುಷ ಯುಗಾದಿಗೆ ಮುಂಚೆ ಒಂದು ಅಕಾಲದ ಮಳೆ ಬಂದು ಹೋಯಿತು. ಮಳೆಯಾದ ಎಂಟನೆಯ ದಿನ ಮುಶಿಗೇರಿಯ ತೋಟಪ್ಪನೆಂಬ ದೊಡ್ಡ ಒಕ್ಕಲಿಗನ ಐದು ಎತ್ತುಗಳು ಬಾವಿಯ ಪಕ್ಕದ ಕಲ್ಲಿನ ಡೋಣಿಯಲ್ಲಿ ನೀರು ಕುಡಿದು, ನೂರು ಹೆಜ್ಜೆ ನಡೆಯುವಷ್ಟರಲ್ಲಿ ಒಂದರ ಹಿಂದೆ ಒಂದು ಬಿದ್ದು ಸತ್ತವು.

ಸತ್ತ ದನದ ತೊಗಲು ಊರ ಹೊರಗಿನ ಗಾಳೆವ್ವನಿಗೆ ಸೇರಬೇಕೆಂಬುದು ಊರಿನ ಕಟ್ಟಳೆ. ಗಂಡ ಸತ್ತ ಮೇಲೆ ಹೆಣ ಎಳೆಯುವುದು, ತೊಗಲು ಬಿಡಿಸುವುದು, ಹದ ಮಾಡುವುದು, ಎಲ್ಲವನ್ನೂ ಅವಳೊಬ್ಬಳೇ ಮಾಡುತ್ತಿದ್ದಳು. ಅಂದೂ ಮಾಡಿದಳು. ಮರುದಿನ ತೋಟಪ್ಪನಿಗೆ ಅದೇ ಮಾತು ಹೊಳೆಯಿತು. ದನ ಸತ್ತರೆ ಲಾಭ ಯಾರಿಗೆ? ತೊಗಲು ಬೇಕಾದವಳಿಗೆ. ಬಾವಿಗೆ ಸೋಮಲ ಹಾಕಿದ್ದಾಳೆ. ಸೋಮಲವೆಂದರೆ ಬಿಳಿ ಪಾಷಾಣ, ಚಿಟಿಕೆಯಷ್ಟು ಹೊಟ್ಟೆಗೆ ಹೋದರೆ ಮನುಷ್ಯ ಉಳಿಯುವುದಿಲ್ಲ. ಊರು ಹೌದೆಂದಿತು. ಅವಳನ್ನು ಹಿಡಿದು ರೋಣಕ್ಕೆ ತಂದರು.

ಅವಳ ಜಬಾನಿ, ಬಾಯಿಹೇಳಿಕೆ, ಬರೆದುಕೊಂಡವನು ಪ್ರಭುಲಿಂಗಪ್ಪನೇ. ತಾಲೂಕಿನ ಅಧಿಕಾರಿ ಮಾಮಲೇದಾರರು ಮೇಲೆ ಚಾವಡಿಯಲ್ಲಿ ಕೂತು ಕೇಳಿದರು. ಗಾಳೆವ್ವ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ನಿಂತು ಉತ್ತರ ಕೊಟ್ಟಳು.

"ಬಾವಿಗೆ ವಿಷಾ ಹಾಕೀಯೇನು?"

"ಆ ಬಾವಿ ಕಟ್ಟಿ ಮುಟ್ಟಾಕ ನನಗ ಯಾರ ಬಿಟ್ಟಾರ್ರಿ ಧಣ್ಯಾರ? ಡೋಣಿ ತುಂಬಿ ಹರದ ನೀರ ನಾನೂ ತುಂಬಕೊಂಡು ಒಯ್ತೇನಿ. ಅದನ್ನs ಕುಡಿತೇನಿ. ನಾ ಸತ್ತೇನೇನ್ರಿ?"

"ಯಾರೂ ಇಲ್ದಾಗ ಬಂದು ಹಾಕಿರಬೇಕು."

"ಇಲ್ರಿ. ದನಾ ಸತ್ತದ್ದು ಜ್ವಾಳದ ಕೂಳಿ ತಿಂದು. ಮಳಿ ಆದ ಮ್ಯಾಲ ಕೊಯ್ದ ಹೊಲದಾಗ ಕೂಳಿ ಚಿಗತಿತ್ರಿ. ಹಸರ ಚಿಗುರ, ಇಷ್ಟಿಷ್ಟು. ಅದು ದನಕ್ಕ ವಿಷಾ. ನಮ್ಮವ್ವನ ಕಾಲದಾಗೂ ಸತ್ತಿದ್ವು. ಹೊಟ್ಟಿ ಹರದಾಗ ನಾನs ಕಣ್ಣಾರೆ ಕಂಡೇನ್ರಿ, ಒಳಗೆಲ್ಲಾ ಹಸರ ಚಿಗುರ, ಇನ್ನಾ ನುರದಿದ್ದಿಲ್ಲ..."

ಮಾಮಲೇದಾರರು ಮೂಗು ಮುಚ್ಚಿಕೊಂಡು ಕೈ ಬೀಸಿದರು. "ಸಾಕು ಸಾಕು. ಹೊಟ್ಟಿ ಕರುಳು ಏನೂ ಬರೀಬ್ಯಾಡ್ರಿ ಪ್ರಭುಲಿಂಗಪ್ಪ. ಇಲ್ಲ ಅಂದ್ಲು ಅಂತ ಬರದು ಮುಗಸ್ರಿ."

ಆ ಮಾತು ಬರುವ ಹೊತ್ತಿಗೆ ಪ್ರಭುಲಿಂಗಪ್ಪ 'ಹೊಟ್ಟೆ ಹರಿದಾಗ' ಎಂಬಲ್ಲಿಯ ತನಕ ಬರೆದಿದ್ದ. ಕುಂಚ ಎತ್ತಿ ಹರಿತಾಳ ಆಡಿಸಿದ. ಆರಿದ ಮೇಲೆ 'ಆರೋಪವನ್ನು ಅಲ್ಲಗಳೆದಳು' ಎಂದು ಚಂದಾಗಿ ಬರೆದ. ಹಾಳೆಯ ಮೇಲೆ ಒಂದು ಗುರುತೂ ಉಳಿಯಲಿಲ್ಲ.

ಧಾರವಾಡದಿಂದ ಮುರ್ತುಜಾಸಾಬ ಬಂದದ್ದು ಆಮೇಲೆ. ಪಲಟಣಿನ ದವಾಖಾನೆಯಲ್ಲಿ ಹನ್ನೆರಡು ವರುಷ ಇದ್ದು ಸಾಹೇಬರಿಂದ ವಿದ್ಯೆ ಕಲಿತವನು. ನೀರಿನಲ್ಲಿ ಸೋಮಲ ಇದೆಯೋ ಇಲ್ಲವೋ, ಇದ್ದರೆ ಎಷ್ಟು ಎಂದು ಅಳೆದು ಹೇಳುತ್ತಿದ್ದ. ಗಾಜಿನ ಸಾಮಾನು ತುಂಬಿದ ಪೆಟ್ಟಿಗೆಯನ್ನು ತೊಟ್ಟಿಲ ಕೂಸಿನಂತೆ ನೋಡಿಕೊಳ್ಳುತ್ತಿದ್ದ. ಬಂದವನೇ ಎರಡು ಸೀಸೆಗಳನ್ನು ತೆಗೆದು, ಬಿಸಿನೀರಿನಲ್ಲಿ ಮೂರು ಸಲ ತೊಳೆದು, ಬೂಚಿನ ಬಿರಡೆ ಹಾಕಿ ಕೊಟ್ಟ.

"ಒಂದರಾಗ ಮುಶಿಗೇರಿ ಬಾವಿ ನೀರು, ಒಂದರಾಗ ಬ್ಯಾರೆ ಊರಿನ ಚಲೋ ನೀರು. ಎರಡೂ ತಾಳಿ ನೋಡಬೇಕು ನಾನು. ಶಿಸ್ತಿನ ಮನಷ್ಯಾ ಹೋಗಬೇಕ್ರಿ, ಸಿಪಾಯಿ ಪಿಪಾಯಿ ಅಲ್ಲ."

ಶಿಸ್ತಿನ ಮನುಷ್ಯ ಎಂದರೆ ಕಚೇರಿಯಲ್ಲಿ ಒಬ್ಬನೇ. ಪ್ರಭುಲಿಂಗಪ್ಪ ಬಂಡಿ ಹೂಡಿಸಿಕೊಂಡು ಮೊದಲು ಸೂಡಿಗೆ ಹೋಗಿ ಅಲ್ಲಿಯ ಬಾವಿಯ ನೀರು ತುಂಬಿಸಿಕೊಂಡ. ಅಲ್ಲಿಂದ ಮುಶಿಗೇರಿಗೆ ಹೋಗಿ ತಾನೇ ಹಗ್ಗ ಇಳಿಬಿಟ್ಟು ಸೇದಿದ. ಸೀಸೆ ತುಂಬಿಸಿ ಬಿರಡೆ ಒತ್ತಿದಾಗ ಬೂಚು ಪುಡಿಪುಡಿಯಾಗಿ ಉದುರಿತು. ಹಳೆಯ ಬೂಚು, ಒಳಗೆ ಹುಳ ತಿಂದಿತ್ತು.

ಸೀಸೆಯ ಬಾಯಿಗೆ ಬಟ್ಟೆ ತುರುಕಲು ಬಂಡಿಯವನು ಹೇಳಿದ. ಪ್ರಭುಲಿಂಗಪ್ಪನಿಗೆ ಅದು ಹೇಸಿಗೆ ಎನಿಸಿತು. ತನ್ನ ಚೀಲದಿಂದ ಒಂದು ಹೊಸ ಹಾಳೆ ತೆಗೆದು, ಬಿಗಿಯಾಗಿ ಸುರುಳಿ ಸುತ್ತಿ, ಬಾಯಿಗೆ ಸರಿಯಾಗುವಂತೆ ಬಿರಡೆ ಮಾಡಿ ಒತ್ತಿದ. ಹುಳ ತಿನ್ನದ ಕಾಗದ. ಬೂಚಿಗಿಂತ ಇದೇ ಮೇಲು ಎಂದು ಮನಸ್ಸಿಗೆ ಸಮಾಧಾನವೂ ಆಯಿತು. ಕಪ್ಪು ಮಣ್ಣಿನ ದಾರಿಯಲ್ಲಿ ಬಂಡಿ ಕುಲುಕುತ್ತ ಬಂತು. ದಾರಿಯುದ್ದಕ್ಕೂ ಸೀಸೆಯ ನೀರು ಎದ್ದೆದ್ದು ಬಿರಡೆಯನ್ನು ನೆಕ್ಕುತ್ತಿತ್ತು.

ಮರುದಿನ ಮುಂಜಾನೆ ಚಾವಡಿಯಲ್ಲಿ ಮುರ್ತುಜಾಸಾಬ ಪೆಟ್ಟಿಗೆ ಬಿಚ್ಚಿದ. ಪ್ರಭುಲಿಂಗಪ್ಪ ಬಿರಡೆ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಸೀಸೆಗಳನ್ನು ಮುಂದಿಟ್ಟ. ಮಾಮಲೇದಾರರೂ ಬಂದು ಕೂತರು.

ಗಾಜಿನ ಬುರುಡೆಯೊಂದರಲ್ಲಿ ಜಸ್ತದ, ಅಂದರೆ ಸತುವಿನ, ಚೂರು ಹಾಕಿ ಸಾಬ ಅದರ ಮೇಲೆ ತೇಜಾಬು ಎಂಬ ಸುಡುವ ಆಮ್ಲ ಸುರಿದ. ಕುದಿ ಬಂದಂತೆ ಗುಳ್ಳೆ ಏಳತೊಡಗಿದವು. ಬುರುಡೆಯ ಬಾಯಿಂದ ಸಣ್ಣ ಕೊಳವೆಯಲ್ಲಿ ಹೊರಬರುವ ಹೊಗೆಗೆ ಬೆಂಕಿ ತೋರಿಸಿದ. ಕಂಡೂ ಕಾಣದಂತೆ ಉರಿಯಿತು. ಒಂದು ಬಿಳಿ ಪಿಂಗಾಣಿ ಚೂರನ್ನು ಆ ಉರಿಗೆ ಹಿಡಿದು ತೋರಿಸಿದ. ಚೂರು ಬೆಳ್ಳಗೇ ಇತ್ತು.

"ಇದು ನನ್ನ ಜಸ್ತ, ನನ್ನ ತೇಜಾಬ ಪರೀಕ್ಷಾ. ಇವು ಖರೇ ಇಲ್ಲಂದ್ರ ಯಾರನ್ನ ಕಳ್ಳ ಅಂತ ಹಿಡದ್ರೂ ಸುಳ್ಳ. ಈಗ ಸೂಡಿ ನೀರು ಹಾಕ್ತೇನಿ."

ಸೂಡಿಯ ನೀರಿಗೂ ಚೂರು ಬೆಳ್ಳಗೇ ಉಳಿಯಿತು. ಬುರುಡೆ ತೊಳೆದು ಮುಶಿಗೇರಿಯ ನೀರು ಹಾಕಿದ. ಸ್ವಲ್ಪ ಹೊತ್ತಿಗೆ ಉರಿಯ ಬಣ್ಣ ನೀಲಿಗೆ ತಿರುಗಿತು. ಪಿಂಗಾಣಿಯ ಮೇಲೆ ಕಂದು ಬಣ್ಣದ ಒಂದು ಕಲೆ, ಕನ್ನಡಿಯಂತೆ ಹೊಳೆಯುತ್ತ ಕೂತಿತು. ಮಾಮಲೇದಾರರು ಎದ್ದು ನಿಂತುಬಿಟ್ಟರು.

"ಸಿಕ್ಕಳು!"

"ತಡೀರಿ ಸಾಹೇಬ್ರ." ಮುರ್ತುಜಾಸಾಬ ಐದು ಪಿಂಗಾಣಿ ಚೂರುಗಳನ್ನು ಸಾಲಾಗಿ ಇಟ್ಟ. ಒಂದೊಂದರ ಮೇಲೂ ಕಲೆ, ಕಡುಕಪ್ಪಿನಿಂದ ಹಿಡಿದು ಉಸಿರು ತಾಗಿದಷ್ಟು ತೆಳುವಿನವರೆಗೆ. "ಒಂದು ಗುಲಗಂಜಿ ಸೋಮಲ ಒಂದು ಕೊಡ ನೀರಾಗ ಕಲಸಿದ್ರ ಈ ಕಲಿ. ಹತ್ತು ಕೊಡದಾಗ ಕಲಸಿದ್ರ ಇದು. ಹಿಂಗs ಇಳಕೋತ ಬಂದೇನಿ." ಮುಶಿಗೇರಿಯ ಚೂರನ್ನು ಒಂದೊಂದರ ಪಕ್ಕಕ್ಕೂ ಹಿಡಿದು ನೋಡಿದ. ಅದು ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ ಬಂತು. ಅವನ ಹುಬ್ಬು ಗಂಟಾಯಿತು. "ಇಷ್ಟs ಇಷ್ಟು. ಈ ನೀರ ಕುಡದು ಎತ್ತು ಸಾಯಬೇಕಂದ್ರ ಬಾವಿ ಬಾವೀನs ಕುಡೀಬೇಕು."

"ಬಾವ್ಯಾಗ ಸೋಮಲ ತಾನs ಹುಟ್ಟತೈತೇನ್ರಿ ಸಾಬ್ರ? ಹೆಚ್ಚೋ ಕಡಿಮಿಯೋ, ಹಾಕಿದವ್ರು ಹಾಕಿದಂಗs ಅಲ್ಲೇನು?"

"ಹೌದು, ತಾನs ಹುಟ್ಟಂಗಿಲ್ಲ," ಎಂದ ಸಾಬ. ಆಮೇಲೆ ತನಗೇ ಹೇಳಿಕೊಂಡಂತೆ, "ಸೋಮಲ, ಮನಶಿಲಿ, ಹರತಾಳ, ಮೂರೂ ಒಂದs ತಾಯಿ ಹೊಟ್ಟ್ಯಾಗಿಂದು. ಯಾವುದು ಬಿದ್ರೂ ಇದs ಕಲಿ ಕೊಡತೈತಿ. ಖರೇ ಬಾವ್ಯಾಗ ಯಾರ ಒಗೀತಾರ ಹರತಾಳ..." ಎಂದ.

ಪ್ರಭುಲಿಂಗಪ್ಪನ ಕಣ್ಣು ಕಿಟಕಿಯ ಕಟ್ಟೆಗೆ ಹೋಯಿತು. ಕಾಗದದ ಬಿರಡೆ ಒಣಗಿ ಸುರುಟಿಕೊಂಡಿತ್ತು. ಮೇಲಿನ ಅರ್ಧ ಹಳದಿ. ನೀರಿಗೆ ತಾಗಿದ ಕೆಳಗಿನ ಅರ್ಧ ಬೆಳ್ಳಗೆ ತೊಳೆದುಹೋಗಿತ್ತು.

ಅವನ ಕೈ ಅವನನ್ನು ಕೇಳದೆಯೇ ಮುಂದೆ ಹೋಯಿತು. ಬಿರಡೆಯನ್ನು ಎತ್ತಿತು. ಬೆವರು ಒರೆಸಿಕೊಳ್ಳುವವನಂತೆ ತಲೆಗೆ ಸುತ್ತಿದ ರುಮಾಲಿಗೆ ಕೈ ಹಚ್ಚಿ ಅದನ್ನು ಸುತ್ತಿನ ಒಳಗೆ ಸಿಗಿಸಿತು.

ಸೀಸೆಯನ್ನು ಯಾವುದರಿಂದ ಮುಚ್ಚಿತ್ತು ಎಂದು ಯಾರೂ ಕೇಳಲಿಲ್ಲ. ಪ್ರಭುಲಿಂಗಪ್ಪ ತಂದದ್ದು ಅಂದಮೇಲೆ ಕೇಳುವುದೇನಿದೆ?

ಮನೆಗೆ ಬಂದು ಊಟಕ್ಕೆ ಕೂತರೂ ಅವನು ರುಮಾಲು ತೆಗೆಯಲಿಲ್ಲ. ಹೆಂಡತಿ ಸಿದ್ದಲಿಂಗವ್ವ ರೊಟ್ಟಿ ಹಾಕುತ್ತ ನೋಡಿದಳು.

"ಅಲ್ರಿ, ರುಮಾಲ ತಲಿಗೆ ಅಂಟೇತೇನು? ಇಲ್ಲಾ ಮಾಮಲೇದಾರ್ರು ಊಟಕ್ಕ ಬರೂರದಾರೇನು?"

"ಸುಮ್ಮನ ನೀಡು."

"ನೀಡಾಕತ್ತೇನಲ್ಲ. ಆ ಹೆಣ್ಮಗಳ ಸುದ್ದಿ ಏನಾತ್ರಿ?"

"ನೀರಾಗ ಸೋಮಲ ಸಿಕ್ತು."

ಸಿದ್ದಲಿಂಗವ್ವನ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು. "ಅಯ್ಯ ಶಿವನ! ಹಾಕ್ಯಾಳಂಗಾರ?"

ಅವನು ರೊಟ್ಟಿ ಮುರಿದ. ಅವನ ಬೆರಳಿನ ಸಂದಿಯಲ್ಲಿ ಎಂದಿನ ಹಳದಿ ಇತ್ತು. ಅದನ್ನು ಕಂಡು ಸಿದ್ದಲಿಂಗವ್ವ ತಂಬಿಗೆ ತಂದು ಮುಂದೆ ಇಟ್ಟಳು. "ಕೈ ತೊಳಕೋರಿ ಮೊದಲ. ಹದಿನೆಂಟು ವರ್ಷಾತು, ಹರತಾಳ ಅರದ ಕೈ ಮೂರು ಸಲ ತೊಳೀಬೇಕು, ಕಲ್ಲು ಬ್ಯಾರೆ ಇಡಬೇಕು, ಬೆಕ್ಕು ಮೂಸಿದ್ರ ಸಾಯತೈತಿ ಅಂತ ನನಗ ಹೇಳಿದಾವ್ರು ನೀವs. ಇವತ್ತ ನಿಮಗs ನೆಪ್ಪಿಲ್ಲ."

ಅವನು ತಂಬಿಗೆಯ ನೀರನ್ನೇ ನೋಡುತ್ತ ಕೂತ. ಮನೆಯಲ್ಲಿ ವಿಷ ಎಂದು ಗೊತ್ತಿದ್ದ ವಸ್ತು ಕಾಗದದ ಮೇಲೆ ಕೂತ ಕೂಡಲೇ ಶಿಸ್ತು ಆಗಿಬಿಟ್ಟಿತ್ತು. ಆ ಎರಡೂ ಒಂದೇ ಎಂದು ಇಷ್ಟು ವರುಷ ಅವನ ತಲೆಗೆ ಬಂದಿರಲಿಲ್ಲ. ಈಗ ಅದು ತಲೆಯ ಮೇಲೆಯೇ ಇತ್ತು.

ನಾಳೆ ಹೇಳಿದರಾಯಿತು ಎಂದುಕೊಂಡ. ಮರುದಿನ ಕಚೇರಿಗೆ ಹೋದಾಗ ಎಲ್ಲರೂ ಅವನನ್ನು ಹೊಗಳಿದರು, ಅವನು ನೀರು ಸರಿಯಾಗಿ ತಂದದ್ದರಿಂದಲೇ ಕಳ್ಳಿ ಸಿಕ್ಕಳು ಎಂದು. ಆ ಹೊಗಳಿಕೆಯ ನಡುವೆ ಬಾಯಿ ಬಿಡಲಾಗಲಿಲ್ಲ. ಅದರ ಮರುದಿನವೂ ಆಗಲಿಲ್ಲ. ಅಂಗಳ ದಾಟುವಾಗ, ಗಾಳೆವ್ವನನ್ನು ಕಾವಲಿನಲ್ಲಿ ಕೂರಿಸಿದ್ದ ಬೇವಿನ ಗಿಡದ ಕಡೆ ನೋಡದೆ ದಾಟುವುದನ್ನು ಕಲಿತ. ಆದರೂ ಒಂದು ಸಲ ಗಾಳೆವ್ವನೇ ಕೂಗಿದಳು.

"ಎಪ್ಪಾ, ಕಾಗದದ ಧಣ್ಯಾರ! ನಾ ಹೇಳಿದ್ದು ಬರದೀರಲ್ರಿ? ಆ ಹಸರ ಚಿಗುರಿನ ಮಾತು? ಸಾಬ್ರಿಗೆ ಅದನ್ನ ಓದಿ ಹೇಳ್ರೆಪಾ, ಅವ್ರು ಶ್ಯಾಣ್ಯಾ ಇದ್ದಂಗ ಕಾಣತಾರ."

"ಹೂಂ," ಎಂದ ಪ್ರಭುಲಿಂಗಪ್ಪ. ಆ 'ಹೂಂ' ತನ್ನ ಬಾಯಿಂದ ಬಂತೆ ಎಂದು ಮೆಟ್ಟಿಲು ಹತ್ತುವಾಗ ಅವನಿಗೇ ಅಸಹ್ಯವಾಯಿತು.

ಇತ್ತ ಮುರ್ತುಜಾಸಾಬನಿಗೂ ನೆಮ್ಮದಿ ಇರಲಿಲ್ಲ. ಅಷ್ಟು ಕಡಿಮೆ ಸೋಮಲಕ್ಕೆ ಎತ್ತು ಸಾಯುವುದಿಲ್ಲ ಎಂಬ ಲೆಕ್ಕ ಅವನನ್ನು ಕಾಡುತ್ತಿತ್ತು. ಮೂರನೆಯ ದಿನ ಇನ್ನೊಂದು ಸೀಸೆ ತೊಳೆದು, ಹೊಸ ಬೂಚು ಹಾಕಿ ಪ್ರಭುಲಿಂಗಪ್ಪನ ಕೈಗೆ ಕೊಟ್ಟ. "ಇನ್ನೊಮ್ಮಿ ತರ್ರಿ ಕಾರಕೂನರ. ಒಂದು ಸಲ ಅಳದದ್ದು ಅಳತಿ ಅಲ್ಲ."

ಪ್ರಭುಲಿಂಗಪ್ಪನಿಗೆ ಹೋದ ಜೀವ ಬಂದಂತಾಯಿತು. ಈ ಸಲ ಪಿಂಗಾಣಿ ಬೆಳ್ಳಗೇ ಉಳಿಯುತ್ತದೆ. ಹೆಂಗಸು ಬಿಡುಗಡೆಯಾಗುತ್ತಾಳೆ. ತಾನು ಏನೂ ಹೇಳುವುದೇ ಬೇಕಾಗುವುದಿಲ್ಲ. ಬಂಡಿಯಲ್ಲಿ ಕೂತು ಮುಶಿಗೇರಿ ಮುಟ್ಟುವ ತನಕ ಅದನ್ನೇ ಜಪಿಸಿದ.

ಊರ ಹೊರಗೆ ಗಾಳೆವ್ವನ ಗುಡಿಸಲು ಇರಬೇಕಾದಲ್ಲಿ ಬರೀ ನಾಲ್ಕು ಮೊಳದ ಮಣ್ಣಿನ ಗೋಡೆ ಇತ್ತು. ಮೇಲಿನ ಜೋಳದ ಸೊಪ್ಪೆಯ ಚಪ್ಪರ ಕಿತ್ತು ಬೀಸಾಡಿದ್ದರು. ತೊಗಲು ಹದ ಮಾಡುವ ಬಾನಿ ಒಡೆದು, ತಂಗಡಿ ತೊಗಟೆಯ ಕೆಂಪು ನೀರು ನೆಲದಲ್ಲಿ ಇಂಗಿ ಕಲೆಯಾಗಿತ್ತು.

ಬಾವಿಯ ಹತ್ತಿರ ತೋಟಪ್ಪ ಸಿಕ್ಕ. "ಬರ್ರಿ ಬರ್ರಿ ಕಾರಕೂನರ. ನಿಮ್ಮ ಸಾಬ್ರು ನೀರಾಗ ವಿಷಾ ತೋರಿಸಿದ ಸುದ್ದಿ ಬಂತು ನೋಡ್ರಿ, ನಿನ್ನೆ ಮಂದಿ ತಡೀಲಿಲ್ಲ. ಕಿತ್ತ ಒಗದ್ರು. ನಾನೂ ಬ್ಯಾಡ ಅನ್ನಲಿಲ್ಲ."

ನಿನ್ನೆ. ಮೊನ್ನೆಯೇ ಬಾಯಿ ಬಿಟ್ಟಿದ್ದರೆ ಆ ಚಪ್ಪರ ಇನ್ನೂ ಅಲ್ಲೇ ಇರುತ್ತಿತ್ತು.

"ನಿಮ್ಮ ಎತ್ತು ಅವತ್ತ ಎಲ್ಲಿ ಮೇಯ್ದಿದ್ವು ತೋಟಪ್ಪ?" ಪ್ರಭುಲಿಂಗಪ್ಪನ ದನಿ ಅವನಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ಎಲ್ಲಿ ಅಂದ್ರ? ನನ್ನ ಹೊಲದಾಗs. ಜ್ವಾಳಾ ಕೊಯ್ದ ಹೊಲ. ಮಳಿಗೆ ಚಲೋ ಹಸರ ಎದ್ದಿತ್ತು, ಬಿಟ್ಟಿದ್ದೆ. ಯಾಕ್ರಿ?"

"ಏನಿಲ್ಲ," ಎಂದ. ನೀರು ಸೇದಿದ. ಬೂಚು ಒತ್ತಿದ. ಈ ಸಲ ಅದು ಉದುರಲಿಲ್ಲ.

ಸಂಜೆಗೆ ಮುಂಚೆಯೇ ಪರೀಕ್ಷೆ ಮುಗಿಯಿತು. ಪಿಂಗಾಣಿ ಚೂರು ಬೆಳ್ಳಗೇ ಇತ್ತು. ಪ್ರಭುಲಿಂಗಪ್ಪ ಮಾಮಲೇದಾರರ ಮುಖ ನೋಡಿದ, ಇನ್ನೇನು 'ಬಿಡ್ರಿ ಆಕಿನ್ನ' ಎನ್ನುತ್ತಾರೆ ಎಂದು. ಮಾಮಲೇದಾರರು ಅಡಿಕೆ ಕತ್ತರಿಸುತ್ತ ಹೇಳಿದರು, "ಆತಲ್ಲ. ಊರ ಮಂದಿ ಅಷ್ಟೂ ದಿನಾ ಸೇದಿ ಸೇದಿ ಚೆಲ್ಯಾರ, ಇದ್ದ ವಿಷಾ ಹೋಗೇತಿ. ಮದಲನೇ ನೀರಿನ ಅಳತೀನs ಖರೇ. ನಾಳೆ ಮುಂಜಾನೆ ಹೆಂಗಸಿನ್ನ ಧಾರವಾಡಕ್ಕ ಕಳಸ್ತೇನಿ. ರಿಪೋರ್ಟ ಬರೀರಿ ಪ್ರಭುಲಿಂಗಪ್ಪ. ಚಲೋ ಹಾಳಿ ಮ್ಯಾಲ ಬರೀರಿ, ದೊಡ್ಡ ಸಾಹೇಬ್ರು ನೋಡತಾರ."

ಧಾರವಾಡಕ್ಕೆ ಹೋದವಳು ಮತ್ತೆ ಮುಶಿಗೇರಿ ನೋಡುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಪ್ರಭುಲಿಂಗಪ್ಪ ಹಾಳೆ ತೆಗೆದು ತೊಡೆಯ ಮೇಲಿನ ಹಲಗೆಗೆ ಇಟ್ಟುಕೊಂಡ. ಲೆಕ್ಕಣಿಕೆ ಅದ್ದಿದ. ಹಳದಿ ಹಾಳೆ ಕಣ್ಣಿಗೆ ಚುಚ್ಚಿತು. ಲೆಕ್ಕಣಿಕೆ ಕೆಳಗಿಟ್ಟು ಎದ್ದ. ಎರಡೂ ಕೈಯಿಂದ ರುಮಾಲು ಎತ್ತಿದ. ಕಚೇರಿಯಲ್ಲಿ ಹಿರಿಯರ ಮುಂದೆ ಬರಿತಲೆಯಲ್ಲಿ ನಿಲ್ಲುವುದು ಆ ಕಾಲಕ್ಕೆ ಬತ್ತಲೆ ನಿಂತಂತೆ. ಉಳಿದ ಕಾರಕೂನರು ಬರೆಯುವುದನ್ನು ನಿಲ್ಲಿಸಿದರು. ಸುತ್ತು ಬಿಚ್ಚಿ ಬಿರಡೆ ಹೊರಗೆ ತೆಗೆದು ಮುರ್ತುಜಾಸಾಬನ ಮುಂದೆ ಇಟ್ಟ.

"ಸಾಬ್ರ, ಇದನ್ನೊಂದಿಷ್ಟು ಅಳೀರಿ."

"ಏನ್ರಿ ಇದು?"

"ಮೊದಲನೇ ಸೀಸಿ ಬಿರಡಿ. ಬೂಚು ಮುರದಿತ್ತು. ನಾನು ನನ್ನ ಕಾಗದಾ ಸುತ್ತಿ ಹಾಕಿದ್ದೆ. ಹರತಾಳದ ಕಾಗದಾ."

ಮುರ್ತುಜಾಸಾಬ ಬಿರಡೆಯನ್ನು ಬೆಳಕಿಗೆ ಹಿಡಿದ. ಮೇಲಿನ ಹಳದಿ, ಕೆಳಗಿನ ಬಿಳುಪು ಎರಡನ್ನೂ ನೋಡಿದ. ಒಂದು ಬಟ್ಟಲು ಸೂಡಿ ನೀರಿನಲ್ಲಿ ಅದನ್ನು ನೆನೆಹಾಕಿದ. ಆ ನೀರು ಬುರುಡೆಗೆ ಬಿದ್ದ ಮೇಲೆ ಉರಿ ಬೂದಿನೀಲಿಯಾಗಿ ಎದ್ದಿತು. ಪಿಂಗಾಣಿಯ ಮೇಲೆ ಕೂತ ಕಲೆ ಐದು ಚೂರಿನ ಸಾಲಿನಲ್ಲಿ ಮೊದಲನೆಯದಕ್ಕಿಂತಲೂ ಕಪ್ಪಾಗಿತ್ತು.

"ತೋಬಾ, ತೋಬಾ," ಎಂದು ಸಾಬ ಕೂತಲ್ಲೇ ಕುಗ್ಗಿದ. "ಜಸ್ತ ನೋಡಿದೆ, ತೇಜಾಬ ನೋಡಿದೆ. ಸೀಸಿ ಬಾಯಿ ಮುಚ್ಚಿದ್ದು ಏನಂತ ಕೇಳಲಿಲ್ಲ ನಾನು. ಯಾವಾಗ ತಿಳೀತ್ರಿ ನಿಮಗ?"

ಈ ಪ್ರಶ್ನೆ ಬರುತ್ತದೆ ಎಂದು ಪ್ರಭುಲಿಂಗಪ್ಪನಿಗೆ ಗೊತ್ತಿತ್ತು. ಈಗ ತಿಳಿಯಿತು ಎಂದರೆ ಮುಗಿದುಹೋಗುತ್ತಿತ್ತು. ನಾಲಿಗೆಯ ತುದಿಗೆ ಅದು ಬಂದೂ ಬಂತು.

"ಅವತ್ತs," ಎಂದ. "ನೀವು ಹರತಾಳದ ಹೆಸರ ತಗೊಂಡಾಗs. ಮೂರು ದಿನಾ ತಲಿ ಮ್ಯಾಲ ಇಟಗೊಂಡೇನಿ."

ಒಬ್ಬ ಕಾರಕೂನ ಮೆಲ್ಲಗೆ ಅಂದ, "ಗಾಣದವನ ಮಗ." ಪ್ರಭುಲಿಂಗಪ್ಪನಿಗೆ ಅದು ಕೇಳಿಸಿತು. ಇಷ್ಟು ವರುಷ ಹೆದರಿದ ಮಾತು ಇಷ್ಟೇ ಸಣ್ಣದೇ ಎನಿಸಿತು. ಅದಕ್ಕಿಂತ ದೊಡ್ಡ ನಾಚಿಕೆ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಕೂತಿತ್ತು.

ಮಾಮಲೇದಾರರು ಅಡಕತ್ತರಿ ಎಸೆದರು. "ಮಾನಾ ಕಳದ್ರಿ ನನ್ನ! ಇಡೀ ಊರಿಗೆ ವಿಷಾ ಸಿಕ್ತು ಅಂತ ಸಾರೇನಲ್ರಿ! ಈಗೇನಂತ ಬರೀಲಿ ಮ್ಯಾಲಿನವ್ರಿಗೆ? ದನಾ ಹಂಗಾರ ಹ್ಯಾಂಗ ಸತ್ವು?"

"ಆಕಿ ಅವತ್ತs ಹೇಳಿದ್ಲ್ರಿ. ಬರಕೊಂಡಿದ್ದೆ. ನೀವು ಬ್ಯಾಡ ಅಂದ್ರಿ, ನಾನು ಹರತಾಳ ಹಚ್ಚಿ ಮುಚ್ಚಿದೆ. ತೋಟಪ್ಪನೂ ಇವತ್ತ ಒಪ್ಪಿದ, ಕೂಳಿ ಚಿಗತ ಹೊಲದಾಗs ಎತ್ತು ಬಿಟ್ಟಿದ್ದೆ ಅಂತ."

ಮಾಮಲೇದಾರರು ಕೆಳಗೆ ಬಿದ್ದ ಅಡಕತ್ತರಿ ಎತ್ತಿಟ್ಟರು. ಕೊನೆಗೆ, "ಬರಕೊಳ್ರಿ ಇನ್ನೊಮ್ಮಿ," ಎಂದಷ್ಟೇ ಹೇಳಿ ಒಳಗೆ ಎದ್ದುಹೋದರು. ಬಾಗಿಲ ತನಕ ಹೋದವರು ತಿರುಗಿ, "ನಾಳಿಂದ ದಫ್ತರದ ಕೀಲಿ ಕೊಟ್ಟಬಿಡ್ರಿ," ಎಂದರು.

ಪ್ರಭುಲಿಂಗಪ್ಪ ಹಲಗೆ, ಹಾಳೆ, ದೌತಿ ಹಿಡಿದು ಅಂಗಳಕ್ಕೆ ಇಳಿದ. ಮುರ್ತುಜಾಸಾಬನೂ ಹಿಂದೆ ಬಂದ. ಗಾಳೆವ್ವ ಎದ್ದು ನಿಂತಳು. ಅವಳಿಗೆ ಹೇಗೆ ಹೇಳಬೇಕೆಂದು ತಿಳಿಯದೆ ಪ್ರಭುಲಿಂಗಪ್ಪ ಅಷ್ಟು ದೂರದಲ್ಲಿ ನೆಲಕ್ಕೇ ಕೂತ.

"ನಿನ್ನ ಬಾವ್ಯಾಗ ವಿಷಾ ಇದ್ದಿಲ್ಲವ್ವ. ವಿಷಾ ನನ್ನ ಕಾಗದದಾಗ ಇತ್ತು. ಅದು ತಿಳದೂ ನಾನು ಮೂರು ದಿನಾ ಬಾಯಿ ಬಿಡಲಿಲ್ಲ."

ಅವಳು ಅವನ ಬರಿತಲೆಯನ್ನು ನೋಡಿದಳು. "ಹಂಗಾರ ನಾ ಮನಿಗೆ ಹೋಗ್ಲೇನ್ರಿ?"

"ಹೋಗು. ಆದ್ರ..." ಗುಡಿಸಲಿನ ಮಾತು ಉಳಿದಿತ್ತು. ಅದನ್ನೂ ಹೇಳಿದ. ಕಿತ್ತ ಚಪ್ಪರ, ಒಡೆದ ಬಾನಿ, ನಿನ್ನೆಯ ದಿನ, ಒಂದನ್ನೂ ಬಿಡಲಿಲ್ಲ. "ಸೊಪ್ಪಿ, ಗಳಾ ನಾ ತರತೇನಿ. ಬಾನೀನೂ ತರತೇನಿ."

ಅವಳು ಅಳುತ್ತಾಳೆ, ಬೈಯುತ್ತಾಳೆ ಎಂದು ಅವನು ಕಾದ. ಅವಳು ಅಳಲಿಲ್ಲ. "ಬಾನಿ ನನ್ನ ಅತ್ತೀದಿತ್ತ್ರಿ. ಅದನ್ನ ಎಲ್ಲಿಂದ ತರ್ತೀರಿ?" ಎಂದಳು. ಆಮೇಲೆ, "ಅವತ್ತ ನಾ ಹೇಳಿದ್ದು ಬರದೀರೋ ಇಲ್ಲೋ?" ಎಂದು ಕೇಳಿದಳು.

"ಇಲ್ಲ. ಮುಚ್ಚಿದ್ದೆ."

"ಮೊನ್ನೆ ಹೂಂ ಅಂದ್ರಿ?"

ಪ್ರಭುಲಿಂಗಪ್ಪ ಹಾಳೆಯನ್ನು ಹಲಗೆಯ ಮೇಲೆ ಇಟ್ಟುಕೊಂಡ.

"ಈಗ ಬರೀರಿ ಹಂಗಾರ," ಎಂದಳು ಗಾಳೆವ್ವ. ಕೆಲಸಕ್ಕೆ ಕೂತವಳಂತೆ ಸೆರಗು ಸಿಗಿಸಿಕೊಂಡು, ಅವಸರವಿಲ್ಲದೆ, ಚಿಗುರು ಎಷ್ಟು ಉದ್ದ ಇತ್ತು, ಹೊಟ್ಟೆಯಲ್ಲಿ ಎಷ್ಟು ಇತ್ತು, ಎಷ್ಟು ನುರಿದಿತ್ತು, ಬೆರಳಿನಲ್ಲಿ ಮೊಳದಲ್ಲಿ ತೋರಿಸುತ್ತ ಹೇಳಿದಳು. ಮುರ್ತುಜಾಸಾಬ ಬಾಯಿ ತೆರೆದು ಕೇಳಿದ. ಅಳತೆ ಎಂದರೆ ಏನೆಂದು ಅವನಿಗೆ ಗೊತ್ತಿತ್ತು. ಪ್ರಭುಲಿಂಗಪ್ಪ ಒಂದು ಮಾತೂ ಬಿಡದೆ ಬರೆದ. ಬರೆದು ಮುಗಿದ ಮೇಲೆ ಓದಿ ಹೇಳಿದ: "ತೋಟಪ್ಪನ ಐದು ಎತ್ತುಗಳು ಜೋಳದ ಕೂಳೆಯ ಚಿಗುರು ತಿಂದು ಸತ್ತವು..."

"ಐದಲ್ರಿ, ನಾಕು."

"ಸತ್ತದ್ದು ಐದಲ್ಲೇನು?"

"ಸತ್ತದ್ದು ಐದು. ಐದನೇದು ಮುದಿ ಎತ್ತು. ಅದರ ಹೊಟ್ಟ್ಯಾಗ ಚಿಗುರ ಇದ್ದಿಲ್ರಿ, ಬರೀ ಒಣಾ ಸೊಪ್ಪಿ ಇತ್ತು. ಉಳದವು ಬಿದ್ದದ್ದ ನೋಡಿ ಎದಿ ಒಡಕೊಂಡಿತ್ತೋ, ಮುಪ್ಪಿಗೇ ಹೋತೋ, ನನಗ ಗೊತ್ತಿಲ್ಲ. ಗೊತ್ತಿಲ್ದದ್ದ ಬರಸಬಾರದ್ರಿ."

ಪ್ರಭುಲಿಂಗಪ್ಪನ ಕೈ ಹದಿನೆಂಟು ವರುಷದ ರೂಢಿಯಂತೆ ಹರಿತಾಳದ ಬಟ್ಟಲಿಗೆ ಹೋಯಿತು. ಬಟ್ಟಲು ಮೇಲೆ ಚಾವಡಿಯಲ್ಲೇ ಉಳಿದಿತ್ತು. ಕೈ ಅಂಗಳದ ಮಣ್ಣನ್ನು ಮುಟ್ಟಿ ಹಿಂದೆ ಬಂತು.

ಅವನು ಲೆಕ್ಕಣಿಕೆಯನ್ನು ದೌತಿಯಲ್ಲಿ ಅದ್ದಿ, 'ಐದು' ಎಂಬುದರ ಮೇಲೆ ಕರಿ ಮಸಿಯಿಂದ ಒಂದು ಗೆರೆ ಎಳೆದ. ಗೆರೆಯ ಕೆಳಗೆ ಐದು ಹಾಗೆಯೇ ಕಾಣುತ್ತಿತ್ತು. ಅದರ ಪಕ್ಕದಲ್ಲಿ 'ನಾಲ್ಕು' ಎಂದು ಬರೆದ. ಅವನ ದಫ್ತರದಲ್ಲಿ ಯಾರಿಗಾದರೂ ಕಾಣುವ ಮೊದಲನೆಯ ತಪ್ಪು ಅದು. ಗಾಳೆವ್ವನಿಗೆ ಓದಲು ಬರುತ್ತಿರಲಿಲ್ಲ. ಆದರೂ ಹಾಳೆಯನ್ನು ಅವಳ ಕಡೆ ತಿರುಗಿಸಿ, ಗೆರೆ ಎಳೆದ ಜಾಗದಲ್ಲಿ ಬೆರಳಿಟ್ಟು ತೋರಿಸಿದ.

ಅವಳು ಬಗ್ಗಿ, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ಅದನ್ನೇ ನೋಡಿದಳು.